ಲಿನೋ ಅಚ್ಚು ತೋರಿಸಲು ಎಲ್ಲಿ ಒಳ್ಳೇದು: ರೀಲ್ಸ್, ಯೂಟ್ಯೂಬ್, ಪಿನ್‌ಟ್ರೆಸ್ಟ್, ಇಮೇಲ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಯೂಟ್ಯೂಬಿನ ಉದ್ದನೆ ವಿಡಿಯೋಗೆ. ಲಿನೋ (ಲಿನೋಲಿಯಂ ಎಂಬ, ಉಳಿಯಿಂದ ಕೆತ್ತಬಹುದಾದ ಹಾಳೆ) ಕೆತ್ತಿ, ಇಂಕ್ ಹಚ್ಚಿ, ಕಾಗದದ ಮೇಲೆ ಅಚ್ಚು ತೆಗೆಯುವುದು ನನ್ನ ಕೆಲಸ. ಒಂದು ಚಿತ್ರ ಮುಗಿಯಲು ವಾರಗಟ್ಟಲೆ ಬೇಕು. ದಿನಾ ಏನಾದರೂ ಹಾಕಬೇಕು ಅನ್ನುವ ಜಾಗ ಇಂಥ ನಿಧಾನದ ಕೆಲಸಕ್ಕೆ ಒಗ್ಗುವುದಿಲ್ಲ. ದಿನಕ್ಕೊಂದು ಸ್ಕೆಚ್ ಮಾಡುವವರು ಬೇರೆಯದನ್ನೇ ಆರಿಸಿಕೊಂಡಾರು, ಅದೂ ಸರಿಯೇ.

ಇನ್‌ಸ್ಟಾಗ್ರಾಂ ರೀಲ್ಸ್‌ಗೆ ಹೇಳಿ ಮಾಡಿಸಿದಂಥ ಒಂದು ಗಳಿಗೆ ನಮ್ಮ ಕೆಲಸದಲ್ಲಿದೆ. ಒತ್ತಿದ ಕಾಗದದ ಮೂಲೆ ಹಿಡಿದು ಮೆಲ್ಲಗೆ ಮೇಲೆತ್ತುವುದು. ಕೆಲವೇ ಸೆಕೆಂಡಿನ ಮಾತು, ಎಲ್ಲರಿಗೂ ಇಷ್ಟ. ಲೈಕು ಧಾರಾಳ. ಆದರೆ ಅಷ್ಟು ಚಿಕ್ಕ ತುಣುಕು ನೋಡಿ ‘ಎಷ್ಟು ಪ್ರತಿ ತೆಗೆದಿದ್ದೀರಿ, ಕಾಗದ ಯಾವುದು’ ಎಂದು ಕೇಳುವವರು ಕಮ್ಮಿ. ಕ್ಯಾಪ್ಷನ್ನಿನಲ್ಲಿ ಬರೆದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಪ್ರೊಫೈಲಿನ ಮೇಲಿರುವ ಪರಿಚಯಕ್ಕೆ (ಬಯೋ) ಹೋಗಿ ಹುಡುಕಬೇಕು. 2023ರಿಂದ ಅಲ್ಲಿ 5 ಲಿಂಕ್ ಹಾಕಬಹುದು. ನಾನು ಒಂದೇ ಹಾಕಿದ್ದೇನೆ, ಐದಿದ್ದರೆ ನೋಡುವವರಿಗೆ ಗೊಂದಲ.

ರೀಲ್ಸ್, ಯೂಟ್ಯೂಬ್ ಎರಡೂ ಕಡೆ ಹಾಕೋಣ ಅಂತ ಹೊರಟರೆ ನಿಜವಾದ ತಲೆನೋವು ಶುರುವಾಗುತ್ತದೆ. ರೀಲ್ಸ್‌ಗೆ ನೆಟ್ಟಗಿನ ವಿಡಿಯೋ ಬೇಕು, ಯೂಟ್ಯೂಬಿನ ಉದ್ದನೆ ವಿಡಿಯೋಗೆ ಅಡ್ಡದ್ದು. ಫೋನನ್ನು ಅಡ್ಡ ಇಡಬೇಕಾ, ನೆಟ್ಟಗೆ ಇಡಬೇಕಾ? ಇದರ ಬಗ್ಗೆ ಯಾರೂ ಸರಿಯಾಗಿ ಹೇಳುವುದೇ ಇಲ್ಲ.

ನನ್ನ ಮೇಜಿನ ಎಡಕ್ಕೆ ಇಂಕ್ ಹರಡುವ ಗಾಜು, ನಡುವೆ ಲಿನೋ, ಬಲಕ್ಕೆ ಕಾಗದ. ಅಡ್ಡ ಹಿಡಿದರೆ ಮೂರೂ ಕಾಣುತ್ತವೆ. ನೆಟ್ಟಗೆ ಹಿಡಿದರೆ ನಡುವಿನ ಲಿನೋ ಮಾತ್ರ. ರೋಲರ್ ಹಿಡಿದ ಕೈ ಚೌಕಟ್ಟಿನಿಂದ ಮಾಯವಾಗುತ್ತದೆ, ಇಂಕ್ ಮೆತ್ತಿಕೊಂಡು ವಾಪಸ್ ಬರುತ್ತದೆ. ಫೋನನ್ನು ಇನ್ನಷ್ಟು ಎತ್ತರಕ್ಕೆ ಏರಿಸಿದರೆ ಎಲ್ಲ ಕಾಣುತ್ತದೆ, ಆದರೆ ಉಳಿಯ ಗೀರುಗಳು ಕಾಣುವುದಿಲ್ಲ. ಗೀರೇ ಕಾಣದಿದ್ದರೆ ನೋಡುವುದು ಏನನ್ನ?

ಅಡ್ಡ ತೆಗೆದು ಆಮೇಲೆ ಕತ್ತರಿಸಿದರಾಯಿತು ಅಂತ ಬಹಳ ಜನ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. 1920x1080ರ ಅಡ್ಡ ವಿಡಿಯೋವನ್ನು ರೀಲ್ಸ್‌ನ 9:16 ಅಳತೆಗೆ (ಅಗಲ 9 ಪಾಲು, ಎತ್ತರ 16) ಕತ್ತರಿಸಿದರೆ ಉಳಿಯುವ ಅಗಲ ಸುಮಾರು 608 ಪಿಕ್ಸೆಲ್. ಮೂರರಲ್ಲಿ ಒಂದು ಪಾಲೂ ಇಲ್ಲ. ಅದನ್ನು ಹಿಗ್ಗಿಸಿದರೆ ಸಣ್ಣ ಗೆರೆಗಳೆಲ್ಲ ಮಂಕು. 4ಕೆ (3840x2160) ಆದರೆ ಕತ್ತರಿಸಿದ ಮೇಲೂ 1215 ಪಿಕ್ಸೆಲ್ ಉಳಿಯುತ್ತದೆ, ರೀಲ್ಸ್‌ಗೆ ಅಷ್ಟು ಸಾಕು. ಆದರೆ ಗಂಟೆಗಟ್ಟಲೆ ಕೆತ್ತುವುದನ್ನು 4ಕೆಯಲ್ಲಿ ತೆಗೆದರೆ ಫೋನ್ ಬಿಸಿ, ಜಾಗ ಭರ್ತಿ. ನಡುವೆ ಫೋನ್ ತಿರುಗಿಸೋಣ ಅಂದರೆ ಎರಡೂ ಕೈಗೆ ಇಂಕ್. ಎಣ್ಣೆ ಇಂಕ್ ಆದರೆ ಸ್ಕ್ರೀನ್ ಒರೆಸುವುದರಲ್ಲೇ ಅರ್ಧ ಸಂಜೆ ಹೋಯಿತು.

ಕೊನೆಗೆ ನಾನು ಮಾಡಿಕೊಂಡ ದಾರಿ ಇದು. ಕೆತ್ತುವುದು, ಇಂಕ್ ಹಚ್ಚುವುದು, ಮೊದಲ ಅಚ್ಚು ಎಲ್ಲ ಅಡ್ಡದಲ್ಲಿ. ಅದು ಯೂಟ್ಯೂಬಿಗೆ. ಮೊದಲ ಅಚ್ಚು ಅಲ್ಲಲ್ಲಿ ತೇಪೆ ತೇಪೆಯಾಗಿ ಬರುವುದುಂಟು, ಅದೂ ಇರಲಿ, ಉದ್ದನೆ ವಿಡಿಯೋದಲ್ಲಿ ಅದನ್ನು ಸರಿಪಡಿಸುವುದೇ ಒಂದು ಪಾಠ. ಇನ್ನೊಂದು ದಿನ ಉಳಿದ ಪ್ರತಿಗಳನ್ನು ತೆಗೆಯುವಾಗ, ಒಂದು ಚೆನ್ನಾಗಿ ಬಂದದ್ದನ್ನು ಮಾತ್ರ ನೆಟ್ಟಗೆ ಇಟ್ಟ ಫೋನಿನಲ್ಲಿ ಹಿಡಿಯುತ್ತೇನೆ. ಅದು ರೀಲ್ಸ್‌ಗೆ.

ಯೂಟ್ಯೂಬ್ ಯಾಕೆ ಮೇಲು ಅಂದರೆ, ಅಲ್ಲಿ ಜನ ಹುಡುಕಿಕೊಂಡು ಬರುತ್ತಾರೆ. ‘ಉಳಿ ಹಿಡಿಯುವುದು ಹೇಗೆ’, ‘ಲಿನೋ ಯಾಕೆ ಗಟ್ಟಿಯಾಗಿದೆ’ ಅಂತ ಯಾರೋ ಕೇಳಿದಾಗ ಹಳೆಯ ವಿಡಿಯೋ ಎದ್ದು ಬರುತ್ತದೆ. (ತುಸು ಬಿಸಿ ಮಾಡಿದರೆ ಮೆತ್ತಗಾಗುತ್ತದೆ.) ಇಪ್ಪತ್ತು ನಿಮಿಷ ಕೂತು ನೋಡಿದವರಿಗೆ ಆ ಅಚ್ಚಿನ ಹಿಂದಿನ ದುಡಿಮೆ ಗೊತ್ತಿರುತ್ತದೆ, ಬೆಲೆ ಕೇಳಿ ಹೌಹಾರುವುದಿಲ್ಲ. ನನ್ನ ಬಳಿ ಅಚ್ಚು ಕೊಂಡವರಲ್ಲಿ ಜಾಸ್ತಿ ಮಂದಿ ಅಲ್ಲಿಂದಲೇ ಬಂದವರು. ವಿಡಿಯೋ ಕೆಳಗಿನ ಲಿಂಕ್ ಒತ್ತಿದರೆ ತೆರೆಯುತ್ತದೆ. ಯೂಟ್ಯೂಬಿನದೇ ಚಿಕ್ಕ ವಿಡಿಯೋಗಳಾದ ಶಾರ್ಟ್ಸ್‌ನಲ್ಲಿ ಹಾಗಿಲ್ಲ, 2023ರ ಆಗಸ್ಟ್ ಕೊನೆಯಿಂದ ಅಲ್ಲಿ ವಿವರಣೆಯ ಲಿಂಕ್ ತೆರೆಯುವುದಿಲ್ಲ. ಇನ್ನು ಜಾಹೀರಾತಿನ ದುಡ್ಡು: 1,000 ಸಬ್‌ಸ್ಕ್ರೈಬರ್, ಹಿಂದಿನ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ, ಇಂಥ ಷರತ್ತುಗಳಿವೆ. ಅದರ ಹಿಂದೆ ನಾನು ಬಿದ್ದಿಲ್ಲ. ಒಂದು ಅಚ್ಚು ಮಾರಿದರೆ ಅದೇ ಸಾಕು.

ಎಡಿಟಿಂಗ್ ಮಾತ್ರ ಬೇಸರದ ಕೆಲಸ. ಸುಳ್ಳು ಹೇಳಲ್ಲ.

ಪಿನ್‌ಟ್ರೆಸ್ಟ್ (ಚಿತ್ರಗಳನ್ನು ಕೂಡಿಡುವ ತಾಣ): ಚಿತ್ರಕ್ಕೆ ನಿಮ್ಮ ಪುಟದ ಲಿಂಕ್ ಜೋಡಿಸಬಹುದು, ಅದೊಂದು ಚೆಂದ. ಮಾತುಕತೆ ಮಾತ್ರ ತೀರಾ ಕಮ್ಮಿ.

ಇಮೇಲ್ ಪಟ್ಟಿ ಸೋಷಿಯಲ್ ಮೀಡಿಯಾ ಅಲ್ಲ, ಆದರೂ ಸೇರಿಸುತ್ತೇನೆ. ಯಾವ ಆ್ಯಪ್ ನಿಯಮ ಬದಲಿಸಿದರೂ ಆ ವಿಳಾಸಗಳು ನಮ್ಮ ಹತ್ತಿರವೇ ಇರುತ್ತವೆ. ಬೆಳೆಯುವುದು ಬಹಳ ನಿಧಾನ. ಹೊಸ ಅಚ್ಚು ಬಂದಾಗ ಮಾತ್ರ ಬರೆಯುತ್ತೇನೆ, ಸುಮ್ನೆ ಬರೆಯುವುದಿಲ್ಲ.

ಖರ್ಚಿನ ಮಾತಿಗೆ ಬಂದರೆ, ಕ್ಯಾಮೆರಾ ಬೇಡ, ಇರುವ ಫೋನ್ ಸಾಕು. ಬೆಳಕಿಗೆ ಕಿಟಕಿ ಸಾಕು, ಆದರೆ ಕೆತ್ತುವ ಕೈಯ ಎದುರಿನ ಬದಿಯಿಂದ ಬರಲಿ, ಇಲ್ಲದಿದ್ದರೆ ಗೀರಿನ ಮೇಲೆ ಕೈಯ ನೆರಳೇ ಬೀಳುತ್ತದೆ. ದುಡ್ಡು ಹಾಕುವುದಿದ್ದರೆ ಫೋನ್ ಸ್ಟ್ಯಾಂಡಿಗೆ ಹಾಕಿ. ಮೇಜಿನ ಅಂಚಿಗೆ ಸಿಕ್ಕಿಸುವ ಥರದ್ದು ಬೇಡ. ಉಳಿ ಒತ್ತಿದಾಗಲೆಲ್ಲ ಮೇಜು ಅಲುಗುತ್ತದೆ, ವಿಡಿಯೋನೂ ಅಲುಗುತ್ತದೆ. ನೆಲದ ಮೇಲೆ ನಿಂತು ಮೇಜಿನ ಮೇಲೆ ತೋಳು ಚಾಚುವಂಥದ್ದು ತಗೊಳ್ಳಿ. ಅಡ್ಡಕ್ಕೂ ನೆಟ್ಟಗೂ ತಿರುಗುತ್ತದಾ ಅಂತ ಕೊಳ್ಳುವ ಮೊದಲೇ ನೋಡಿಕೊಳ್ಳಿ.