ನಂದಿಯೋ, ಚಾಮುಂಡಿಯೋ: ಡಿಸೆಂಬರ್ ನಸುಕಿನ ಸೈಕಲ್ ಸವಾರಿಗೆ ಯಾವುದು?

ಚಳಿಗಾಲದ ನಸುಕಿನಲ್ಲಿ ಮೊದಲ ಬಾರಿಗೆ ತಂಡದೊಂದಿಗೆ ಹೊರಡುವವರಿಗೆ ನಾನು ಹೇಳುವುದು ಚಾಮುಂಡಿ ಬೆಟ್ಟವನ್ನೇ. ಮೈಸೂರಿನ ಮಗ್ಗುಲಲ್ಲೇ ಇದೆ, ಎತ್ತರ 1,000 ಮೀಟರ್‌ಗಿಂತ ತುಸು ಹೆಚ್ಚು. ಕೈ ಮರಗಟ್ಟುವ ಮೊದಲೇ ಊರು ಸೇರಿ ಬಿಸಿ ಕಾಫಿ ಕುಡಿಯಬಹುದು.

ನಂದಿಯ ಮಾತೇ ಬೇರೆ. 1,478 ಮೀಟರ್ ಎತ್ತರ, ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ಈಶಾನ್ಯದ ಗಾಳಿ ಎದ್ದ ದಿನ ಹೋಗುವ ದಾರಿಯುದ್ದಕ್ಕೂ ಅದರೊಡನೆ ಸೆಣಸಬೇಕು. ಸರದಿಯಂತೆ ಮುಂದಿನವರು ಬದಲಾಗುತ್ತಿದ್ದರೆ ಹಿಂದಿನವರಿಗೆ ಗಾಳಿಯಿಂದ ಮರೆ ಸಿಗುತ್ತದೆ. ತಂಡದ ಸೊಗಸು ತಿಳಿಯುವುದೇ ಅಲ್ಲಿ. ಚಾಮುಂಡಿಯ ಚಿಕ್ಕ ದಾರಿ ಅದನ್ನು ಕೊಡುವುದಿಲ್ಲ.

ಆದರೆ ನಿಜವಾದ ಚಳಿ ಇಳಿಯುವಾಗ. ಬೆವರಿದ ಮೈಗೆ ಗಾಳಿ ತಾಗಿ, ಬೆರಳುಗಳು ಬ್ರೇಕ್ ಹಿಡಿಯಲೊಲ್ಲವು. ಕೈಗವಸು, ಗಾಳಿ ತಡೆಯುವ ಜಾಕೆಟ್ (ಅಂಗಿಯೊಳಗೆ ಮಡಚಿದ ದಿನಪತ್ರಿಕೆಯೂ ಆದೀತು) ಇಲ್ಲದೆ ನಂದಿಗೆ ಹೊರಡಲೇಬೇಡಿ.