ಚರ್ಮದ ಡೌವೆಲ್ ಗ್ರಿಪ್: ಕೊಡಗಿನ ಮಳೆಗೆ ಬಾಳುತ್ತದೆಯೇ?

ಬಕಲ್ ಇರುವ, ಬೆರಳಿಗೆ ಎರಡು ತೂತಿನ ಈ ಅಂಗೈ ಪಟ್ಟಿ (ಗ್ರಿಪ್) ಜಿಮ್ನಾಸ್ಟಿಕ್ಸ್‌ನಲ್ಲಿ ಹೆಣ್ಣುಮಕ್ಕಳ ಅನ್‌ಈವನ್ ಬಾರ್‌ಗೆಂದೇ (ಒಂದು ಎತ್ತರ, ಒಂದು ತಗ್ಗಿನ ಜೋಡಿ ಅಡ್ಡಕಂಬಿ) ಮಾಡಿದ್ದು. ಕೊಡಗಿನಲ್ಲಿ ಹಾಕಿ ಸ್ಟಿಕ್ ಸಿಕ್ಕಷ್ಟು ಸಲೀಸಾಗಿ ಇದು ಸಿಗದು, ಆನ್‌ಲೈನ್‌ನಲ್ಲೇ ತರಿಸಬೇಕು. ಎಡವಟ್ಟಾಗುವುದೂ ಅಲ್ಲೇ: ಮೂರು ತೂತಿನದ್ದು ಬಂದರೆ ವಾಪಸ್ ಕಳಿಸಿ, ಅದು ಗಂಡಸರ ಒಂಟಿ ಕಂಬಿಯ ಹೈ ಬಾರ್‌ನದ್ದು. ಆ ಬಾರ್ 28 ಮಿ.ಮೀ. ದಪ್ಪ, ಹೆಣ್ಣುಮಕ್ಕಳದ್ದು 40.

ಮಧ್ಯದ ಬೆರಳು, ಉಂಗುರದ ಬೆರಳು ತೂರಿಸಿದಾಗ ಡೌವೆಲ್, ಅಂದರೆ ಚರ್ಮದೊಳಗೆ ಅಡ್ಡಲಾಗಿರುವ ಪುಟ್ಟ ಕಡ್ಡಿ, ಬೆರಳಿನ ಮೇಲಿನ ಎರಡು ಗೆಣ್ಣುಗಳ ನಡುವೆ ಕೂರಬೇಕು. ‘ಬೆಳೆಯುವ ಮಗು’ ಎಂದು ಒಂದು ಸೈಜ್ ದೊಡ್ಡದು ತರಿಸಲೇಬೇಡಿ. ಸಡಿಲ ಚರ್ಮ ಬಾರ್ ಸುತ್ತ ಮಡಚಿ ಸಿಕ್ಕಿಕೊಂಡರೆ ಕೈ ನಿಂತುಬಿಡುತ್ತದೆ, ಮೈ ಮಾತ್ರ ತಿರುಗುತ್ತಲೇ ಇರುತ್ತದೆ. ಮುಂಗೈ ಮೂಳೆ ಮುರಿಯುವುದು ಹೀಗೆ. ಒಳಗೆ ಹತ್ತಿಯ ರಿಸ್ಟ್‌ಬ್ಯಾಂಡ್ ಬೇಕೇ ಬೇಕು.

ಚರ್ಮ ಗಟ್ಟಿ, ಹೊಲಿಗೆ ಚೊಕ್ಕ. ಆದರೆ ಜೂನ್ ಬಂತೆಂದರೆ ಮಡಿಕೇರಿಯ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಕವರ್ ಬೇಡ, ಬಟ್ಟೆಚೀಲದಲ್ಲಿಡಿ. ಒಲೆಯ ಮೇಲೆ ಒಣಗಿಸಿದರೆ ಬಿರುಕು ಬಿಡುತ್ತದೆ. ಎಣ್ಣೆ ಸವರಿದರೆ ಜಾರುತ್ತದೆ. ಕೈ ಜಾರದಂತೆ ಹಚ್ಚುವ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡದಿದ್ದರೆ ಗಂಟು ಕಟ್ಟುತ್ತದೆ.

ಹೊಸದನ್ನು ಹಾಕಿಕೊಂಡು ಸೀದಾ ಜೈಂಟ್ ಸ್ವಿಂಗ್‌ಗೆ (ಮೈ ನೀಟಾಗಿ ಚಾಚಿ ಬಾರ್ ಸುತ್ತ ಪೂರ್ತಿ ಸುತ್ತುವುದು) ಹೋಗಬಾರದು. ಮೊದಲು ಕೆಳಗಿನ ಬಾರ್‌ನಲ್ಲಿ ಪುಡಿ ಉಜ್ಜಿ, ತೂಗಾಡಿ ಪಳಗಿಸಿ. ತೂತು ಹಿಗ್ಗಿದರೆ, ಚರ್ಮ ಎಳೆದುಕೊಂಡು ಉದ್ದವಾದರೆ ಬದಲಿಸಿ, ಉಳಿತಾಯ ನೋಡಬೇಡಿ.

ನಮ್ಮ ಜಿಮ್ನಾಸ್ಟ್ ದೀಪಾ ಕರ್ಮಾಕರ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ವಾಲ್ಟ್‌ಗೆ (ಓಡಿಬಂದು ಮೇಜಿನ ಮೇಲೆ ಕೈಯೂರಿ ಜಿಗಿಯುವುದು) ಇದು ಬೇಕಿಲ್ಲ. ಈಗಷ್ಟೇ ನೇತಾಡಲು ಕಲಿಯುವ ಮಕ್ಕಳಿಗೂ ಬೇಡ, ಬರಿಗೈ ಸಾಕು.