ಚಕ್ರದ ಸದ್ದಿಗೆ 5,400 ರೂಪಾಯಿ ಕಳೆದುಕೊಂಡೆ, ಚಿಕ್ಕಮಗಳೂರಿನವರು ಹುಷಾರು

ಚಕ್ರದಲ್ಲಿ ಕಿರ್ರ್ ಅಂತ ಸದ್ದು ಬಂತು ಅಂದ ಕೂಡಲೇ "ಬೇರಿಂಗ್ ಹೋಗಿದೆ" ಎನ್ನುವವರ ಕೈಗೆ ಗಾಡಿ ಕೊಡಬೇಡಿ. ನಾನು ಕೊಟ್ಟೆ. 5,400 ರೂಪಾಯಿ ಹೋಯಿತು. ದುಡ್ಡಿಗಿಂತ ಜಾಸ್ತಿ ಉರಿಯುತ್ತಿರುವುದು ಬೇರೆಯೇ ಇದೆ, ಅದನ್ನೂ ಹೇಳುತ್ತೇನೆ.

ನನ್ನದು 2014ರ ಮಾರುತಿ ಓಮ್ನಿ. ಮನೆಯಲ್ಲಿ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡುತ್ತೇವೆ. ಆಲ್ದೂರು, ಬಾಳೆಹೊನ್ನೂರು ಕಡೆಯ ಅಂಗಡಿಗಳಿಗೆ ನಾನೇ ಓಡಿಸಿಕೊಂಡು ಹೋಗಿ ಹಾಕಿ ಬರುತ್ತೇನೆ. ಜುಲೈ ಮೊದಲ ವಾರ ಆಲ್ದೂರಿನ ಹತ್ತಿರ ಒಂದು ಎಸ್ಟೇಟಿಗೆ ಆರ್ಡರ್ ಇತ್ತು. ಒಳರಸ್ತೆಗೆ ಹೊಸದಾಗಿ ಜಲ್ಲಿ ಸುರಿದಿದ್ದರು, ಇನ್ನೂ ರೋಲರ್ ಹಾಯಿಸಿರಲಿಲ್ಲ. ಅಲ್ಲಿಂದ ವಾಪಸ್ ಬರುವಾಗ ಮುಂದಿನ ಎಡಗಡೆ ಚಕ್ರದಲ್ಲಿ ಸದ್ದು ಶುರುವಾಯಿತು. ಕಿರ್ರ್, ಕಿರ್ರ್, ಕಿರ್ರ್. ಚಕ್ರ ಒಂದು ಸುತ್ತು ಬಂದಾಗ ಒಂದು ಸಲ. ವೇಗ ಹೆಚ್ಚಿಸಿದರೆ ಸದ್ದೂ ಬೇಗ ಬೇಗ ಬರುತ್ತಿತ್ತು. ಬ್ರೇಕ್ ಮೇಲೆ ಕಾಲಿಟ್ಟರೆ ಸದ್ದು ಬದಲಾಗುತ್ತಿತ್ತು, ಕೆಲವು ಸಲ ನಿಂತೇ ಹೋಗುತ್ತಿತ್ತು.

ಇದನ್ನೆಲ್ಲ ನಾನು ಗಮನಿಸಿದ್ದೆ. ಗ್ಯಾರೇಜಿನವನಿಗೆ ಹೇಳಿಯೂ ಹೇಳಿದೆ. ಊರೊಳಗಿನ ಗ್ಯಾರೇಜೇ, ಹೆಸರು ಬೇಡ. "ಬ್ರೇಕ್ ಒತ್ತಿದರೆ ಸದ್ದು ನಿಲ್ಲುತ್ತಪ್ಪ" ಅಂದೆ. ಅವನು ನನ್ನ ಮುಖವನ್ನೂ ನೋಡಲಿಲ್ಲ. ಜಾಕ್ ಹಾಕಿ ಚಕ್ರವನ್ನು ಒಂದು ಸಲ ತಿರುಗಿಸಿದ. "ಬೇರಿಂಗ್ ಹೋಗಿದೆ ಅಕ್ಕ. ಹೀಗೇ ಓಡಿಸಿದ್ರೆ ಘಾಟಿಲಿ ಚಕ್ರ ಕಳಚಿ ಬೀಳುತ್ತೆ. ಮಕ್ಕಳು ಇದ್ದಾರಾ ಮನೇಲಿ?" ಅಂದ. ಹೀಗೆ ಕೇಳಿದರೆ ಯಾರಿಗೆ ತಾನೇ ಭಯ ಆಗಲ್ಲ? ನನಗಂತೂ ಕೈಕಾಲು ತಣ್ಣಗಾಯಿತು.

ಆಮೇಲೆ ರೇಟು. ಓಮ್ನಿ ತಯಾರಿಕೆ 2019ರಲ್ಲೇ ನಿಂತಿದೆ, "ಪಾರ್ಟ್ಸ್ ಸಿಗಲ್ಲ ಅಕ್ಕ, ಹಾಸನದಿಂದ ತರಿಸ್ಬೇಕು, ಎರಡೂ ಕಡೆ ಒಟ್ಟಿಗೇ ಹಾಕಿಸಿಬಿಡಿ" ಅಂದ. ಬೇರಿಂಗು, ಅದನ್ನು ಮೆಷಿನ್ನಿನಲ್ಲಿ ಒತ್ತಿ ಕೂರಿಸುವ ಖರ್ಚು, ಲೇಬರ್ ಎಲ್ಲ ಸೇರಿ 5,400. "ಕ್ಯಾಶ್ ಕೊಡಿ, ಜಿಎಸ್‌ಟಿ ಉಳಿಯುತ್ತೆ" ಅಂದ. ಕೊಟ್ಟೆ. ಒಂದು ಹಾಳೆ ಚೂರಿನಲ್ಲಿ ಬರೀ ಮೊತ್ತ ಬರೆದುಕೊಟ್ಟ. ಹೆಸರಿಲ್ಲ, ಸೀಲಿಲ್ಲ, ತಾರೀಖೂ ಇಲ್ಲ.

ಸಂಜೆ ಗಾಡಿ ತೆಗೆದುಕೊಳ್ಳಲು ಹೋದಾಗ ಹಳೇ ಬೇರಿಂಗ್ ತೋರಿಸಿದ. ಗ್ರೀಸ್ ಒಣಗಿ ಕಪ್ಪಾಗಿತ್ತು, ತಿರುಗಿಸಿದರೆ ಕರಕರ ಅನ್ನುತ್ತಿತ್ತು. "ನೋಡಿ ಅಕ್ಕ, ಕೈಯಲ್ಲಿ ಹಿಡ್ಕೊಂಡು ನೋಡಿ" ಅಂದ. ನಾನು ಹಿಡಿದುಕೊಂಡು ತಿರುಗಿಸಿ ನೋಡಿ, "ಅಯ್ಯೋ, ಸರಿಯಾದ ಟೈಮಿಗೆ ತಂದೆ, ಒಳ್ಳೇದಾಯ್ತು" ಅಂದೆ. ಥ್ಯಾಂಕ್ಸ್ ಹೇಳಿದೆ. ಹುಡುಗರಿಗೆ ಕೊಡಿ ಅಂತ ಎರಡು ಪ್ಯಾಕೆಟ್ ಚಕ್ಕುಲಿ ಬೇರೆ ಕೊಟ್ಟು ಬಂದೆ! ಅದು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಮನೆಗೆ ಬರುವಾಗ ಜೋರು ಮಳೆ. ಮಳೆ ಸದ್ದು, ವೈಪರ್ ಸದ್ದು, ಬೇರೇನೂ ಕೇಳಿಸಲಿಲ್ಲ. ಸರಿಯಾಯಿತು ಅಂದುಕೊಂಡೆ. ಮರುದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಐ.ಜಿ. ರಸ್ತೆಗೆ ಬರುವಷ್ಟರಲ್ಲಿ ಕಿರ್ರ್, ಕಿರ್ರ್, ಕಿರ್ರ್. ಅದೇ ಚಕ್ರ, ಅದೇ ಸದ್ದು.

ಫೋನ್ ಮಾಡಿದೆ. "ಹೊಸ ಬೇರಿಂಗ್ ಅಲ್ವಾ ಅಕ್ಕ, ಸೆಟ್ ಆಗ್ಬೇಕು. 200 ಕಿಲೋಮೀಟರ್ ಓಡ್ಸಿ" ಅಂದ. ಓಡಿಸಿದೆ. ನಾಲ್ಕು ದಿನ ಅದೇ ಸದ್ದು ಕೇಳಿಕೊಂಡು ಓಡಿಸಿದೆ. ಮತ್ತೆ ಫೋನ್ ಮಾಡಿದರೆ, "ಹಂಗಾದ್ರೆ ಬ್ರೇಕ್ ಡಿಸ್ಕ್ ಹೋಗಿರುತ್ತೆ, ತನ್ನಿ, ಎರಡೂ ಬದಲಾಯಿಸೋಣ" ಅಂದ. ಆಗ ಮೊದಲ ಸಲ ಅನುಮಾನ ಬಂತು.

ಬಾಳೆಹೊನ್ನೂರು ಕಡೆ ಹೋದಾಗ ಅಂಗಡಿಯವರೊಬ್ಬರು ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಕಳಿಸಿದರು. ಅವರು ಮೊದಲು ಕೇಳಿದ್ದೇ "ಬ್ರೇಕ್ ಒತ್ತಿದ್ರೆ ಏನಾಗುತ್ತಮ್ಮ?" ಅಂತ. ನಿಲ್ಲುತ್ತದೆ ಅಂದೆ. ಜಾಕ್ ಏರಿಸಿ ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಾಡಿಸಿದರು. ಸ್ವಲ್ಪವೂ ಅಲುಗಲಿಲ್ಲ, ಬೇರಿಂಗ್ ಸಡಿಲವಾಗಿರಲಿಲ್ಲ. ಚಕ್ರ ಬಿಚ್ಚಿದರು. ಡಿಸ್ಕಿನ ಹಿಂದೆ ಒಂದು ತಗಡು ಇರುತ್ತದಲ್ಲ, ಧೂಳು ಕೆಸರು ತಡೆಯುವುದಕ್ಕೆ? ಅದಕ್ಕೂ ಡಿಸ್ಕಿಗೂ ನಡುವೆ ಒಂದು ಜಲ್ಲಿ ಚೂರು ಸಿಕ್ಕಿಕೊಂಡಿತ್ತು. ಕಡಲೆಕಾಳಿನಷ್ಟು. ಡಿಸ್ಕಿನ ಮೇಲೆ ಉಂಗುರದ ಹಾಗೆ ಗೀರು ಬಿದ್ದಿತ್ತು. ಸ್ಕ್ರೂಡ್ರೈವರ್‌ನಲ್ಲಿ ತಗಡನ್ನು ಸ್ವಲ್ಪ ಬಗ್ಗಿಸಿದರು, ಕಲ್ಲು ಟಪ್ ಅಂತ ಬಿತ್ತು. ಇಪ್ಪತ್ತು ನಿಮಿಷ, 150 ರೂಪಾಯಿ.

"ಬೇರಿಂಗ್ ಹೋಗಿತ್ತಲ್ವಾ ಅಣ್ಣ, ಹೋದ ವಾರ ತಾನೇ ಹಾಕಿಸಿದೆ" ಅಂದೆ. ಅವರು ನನ್ನ ಮುಖ ನೋಡಿದರು. "ಯಾವ ಬೇರಿಂಗಮ್ಮ? ಬೇರಿಂಗ್ ಹಾಕ್ಬೇಕಾದ್ರೆ ಡಿಸ್ಕ್ ಬಿಚ್ಚಲೇಬೇಕು. ಡಿಸ್ಕ್ ಬಿಚ್ಚಿದ್ರೆ ಈ ಕಲ್ಲು ಇಲ್ಲಿ ಇರ್ತಿತ್ತಾ?" ಅಂದರು. ಬೇರಿಂಗ್ ತೆಗೆಯಲು ಬಿಚ್ಚಬೇಕಾದ, ಚಕ್ರದ ನಡುವಿನ ಹಬ್‌ ನಟ್ ತೋರಿಸಿದರು. ತುಕ್ಕು ಹಾಗೇ ಕೂತಿತ್ತು, ಸ್ಪಾನರ್ ತಾಗಿದ ಗುರುತೂ ಇರಲಿಲ್ಲ. ಬಲಗಡೆ ಚಕ್ರವೂ ಅಷ್ಟೇ.

ಅಂದರೆ ಅವನು ಏನೂ ಮಾಡಿಯೇ ಇಲ್ಲ. ಬಿಚ್ಚಿಯೇ ಇಲ್ಲ! ನನ್ನ ಕೈಗೆ ಕೊಟ್ಟ ಬೇರಿಂಗ್ ಯಾರದೋ ಗಾಡಿಯದು. ನಾನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ್ದೆ.

ಅಲ್ಲಿಂದ ಸೀದಾ ಅವನ ಗ್ಯಾರೇಜಿಗೆ ಹೋದೆ. "ಕಲ್ಲು ಆಮೇಲೆ ಸಿಕ್ಕಿಕೊಂಡಿರುತ್ತೆ ಅಕ್ಕ" ಅಂದ. ನಟ್ಟಿನ ತುಕ್ಕು ತೋರಿಸಿದೆ. "ಮಳೆಗಾಲ ಅಲ್ವಾ, ತುಕ್ಕು ಬೇಗ ಹಿಡಿಯುತ್ತೆ" ಅಂದ. ಐದು ದಿನಕ್ಕಾ? "ಬಿಲ್ ಇದ್ಯಾ?" ಅಂದ. ಹಾಳೆ ಚೂರು ತೋರಿಸಿದರೆ "ಇದರಲ್ಲಿ ನಮ್ಮ ಹೆಸರು ಎಲ್ಲಿದೆ?" ಅಂದ. ಕೊನೆಗೆ ಹುಡುಗರ ಎದುರಿಗೇ, "ನಿಮಗೆ ಇದೆಲ್ಲ ಅರ್ಥ ಆಗಲ್ಲ ಅಕ್ಕ, ಯಜಮಾನ್ರನ್ನ ಕಳ್ಸಿ, ಅವರಿಗೆ ಹೇಳ್ತೀನಿ" ಅಂದ. ಉರಿಯುತ್ತಿರುವುದು ಇದು. ಬ್ರೇಕ್ ಒತ್ತಿದರೆ ಸದ್ದು ನಿಲ್ಲುತ್ತದೆ ಅಂತ ಮೊದಲ ದಿನವೇ ಹೇಳಿದ್ದು ನಾನು. ಎಂಟು ವರ್ಷದಿಂದ ಆ ಗಾಡಿ ಓಡಿಸುತ್ತಿರುವುದೂ ನಾನೇ.

ದಯವಿಟ್ಟು ಕೇಳಿ. ಬೇರಿಂಗ್ ಹೋದರೆ ಸಾಮಾನ್ಯವಾಗಿ ಕಿರ್ರ್ ಅನ್ನುವುದಿಲ್ಲ, ಗುಂಯ್ ಅಂತ ಮೊರೆಯುತ್ತದೆ. ವೇಗದ ಜೊತೆ ಏರುತ್ತದೆ, ತಿರುವಿನಲ್ಲಿ ಬದಲಾಗುತ್ತದೆ. ಬ್ರೇಕ್ ಒತ್ತಿದಾಗ ಸದ್ದು ನಿಂತರೆ ಅಥವಾ ಬದಲಾದರೆ ಮೊದಲು ಬ್ರೇಕ್ ಕಡೆ ನೋಡಿಸಿ. ಕಲ್ಲು ಇರಬಹುದು, ಬ್ರೇಕ್ ಪ್ಯಾಡ್ ಸವೆದಿರಬಹುದು. ಪ್ಯಾಡ್ ಸವೆದಿದ್ದರೆ ಮಾತ್ರ ತಡ ಮಾಡಬೇಡಿ. ಜಲ್ಲಿ ರಸ್ತೆಯಿಂದ ಬಂದ ಮೇಲೆ ಸದ್ದು ಶುರುವಾಗಿದ್ದರೆ ಖಾಲಿ ಜಾಗದಲ್ಲಿ ನಿಧಾನವಾಗಿ ರಿವರ್ಸ್ ಹೋಗಿ ಬ್ರೇಕ್ ಹಾಕಿ ನೋಡಿ, ಕೆಲವು ಸಲ ಕಲ್ಲು ತಾನೇ ಬೀಳುತ್ತದಂತೆ. ಪಾರ್ಟ್ ಬದಲಾಯಿಸುವಾಗ ಎದುರಿಗೇ ನಿಂತುಕೊಳ್ಳಿ. ಬಿಲ್ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಬೇಕು ಅಂತ ಕೂತೆ. ತೋರಿಸುವುದಕ್ಕೆ ನನ್ನ ಹತ್ತಿರ ಇರುವುದು ಆ ಹಾಳೆ ಚೂರು ಒಂದೇ.

ನಿನ್ನೆ ಅವನೇ ಫೋನ್ ಮಾಡಿದ್ದ. ಊರಲ್ಲಿ ನಾಲ್ಕು ಜನಕ್ಕೆ ಹೇಳಿದ್ದೆ, ಅವನ ಕಿವಿಗೂ ಬಿದ್ದಿರಬೇಕು. "ಬೇಜಾರ್ ಮಾಡ್ಕೋಬೇಡಿ ಅಕ್ಕ, ಮುಂದಿನ ಸಲ ಸರ್ವಿಸ್ ಫ್ರೀ ಮಾಡ್ಕೊಡ್ತೀನಿ" ಅಂದ. ದುಡ್ಡು ವಾಪಸ್ ಕೊಡು ಅಂದೆ. ಫೋನ್ ಇಟ್ಟುಬಿಟ್ಟ.